ಬರುವ ಮುನ್ನ ಒಂದು ಮಾತು ಕೇಳಿ

(ಮಹಿಳಾ ವೇದಿಕೆಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಆನ್‌ಲೈನ್ ವ್ಯಾಪಾರ ಮತ್ತು ನಾವು’. ಸಾಫ್ಟ್‌ವೇರ್ ಕೆಲಸದವಳು ಮಾತಾಡುತ್ತಾಳೆ ಎಂದಾಗ ಪಾಸ್‌ವರ್ಡು, ಓಟಿಪಿ, ಸೈಬರ್ ಮೋಸ ಇವುಗಳ ಬಗ್ಗೆ ಹೇಳುತ್ತಾಳೆ ಎಂದುಕೊಂಡೇ ನೀವು ಬಂದಿರುತ್ತೀರಿ. ಅದನ್ನು ಹಿಂದಿನ ಸಲ ಬ್ಯಾಂಕಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಇವತ್ತು ಹೇಳುವುದು ಮೋಸವೇ ಇಲ್ಲದ ಒಂದು ಜಗಳದ ಕಥೆ. ಅದರಲ್ಲಿ ದುಡ್ಡು ಸರಿಯಾಗಿ ಹೋಗಿತ್ತು, ಸೀರೆಯೂ ಚೆನ್ನಾಗಿಯೇ ಇತ್ತು, ಮಾರಿದವರು ಒಳ್ಳೆಯವರು, ಕೊಂಡವಳೂ ಕೆಟ್ಟವಳಲ್ಲ. ಆದರೂ ಇಬ್ಬರು ಹೆಂಗಸರು ಎರಡು ತಿಂಗಳು ಮಾತು ಬಿಟ್ಟರು. ಅವರಲ್ಲಿ ಒಬ್ಬಳು ನಾನೇ.

ಸುಲ್ತಾನ್ ಬಜಾರ್ ನಿಮಗೆಲ್ಲ ಗೊತ್ತು. ಕೋಠಿಯ ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಬೆಳೆದ ಬಜಾರು ಅದು. ಬಡೀ ಚೌಡಿಯ ಗಲ್ಲಿಗಳಲ್ಲಿ ಸೀರೆ, ಡ್ರೆಸ್ ಮೆಟೀರಿಯಲ್, ಬಳೆ, ಲೇಸು, ಫಾಲ್ಸು ಎಲ್ಲ ಸಿಗುತ್ತವೆ. ಕಲಬುರಗಿ, ಬೀದರ್, ರಾಯಚೂರು ಕಡೆಯವರು ಮದುವೆ ಜವಳಿಗೆ ಇಲ್ಲಿಗೆ ಬರುವುದು ಇವತ್ತಿನ ಪದ್ಧತಿಯಲ್ಲ. 2020ರ ಫೆಬ್ರವರಿಯಲ್ಲಿ ಮೆಟ್ರೋ ನಿಲ್ದಾಣವೂ ತೆರೆಯಿತು. ಅದಾಗಿ ಒಂದೂವರೆ ತಿಂಗಳಿಗೆ ಲಾಕ್‌ಡೌನ್ ಬಂತು. ಗಿರಾಕಿ ಬಜಾರಿಗೆ ಬರುವಂತಿಲ್ಲದಾಗ ಬಜಾರೇ ಫೋನಿನೊಳಗೆ ಬಂತು. ವಿಡಿಯೋ ಕಾಲ್‌ನಲ್ಲಿ ಸೆರಗು ಬಿಚ್ಚಿ ತೋರಿಸುವುದು, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕುವುದು, ಯುಪಿಐನಲ್ಲಿ ದುಡ್ಡು ಹಾಕಿಸಿಕೊಳ್ಳುವುದು ಇವೆಲ್ಲ ಆಗ ರೂಢಿಗೆ ಬಿದ್ದವು. ಆ ಭಾಗದಲ್ಲಿ ಮನೆ ಮಾಡಿಕೊಂಡಿದ್ದ ಎಷ್ಟೋ ಗೃಹಿಣಿಯರು ಅಂಗಡಿಯಿಂದ ಸೀರೆ ಎತ್ತಿ, ಸ್ವಲ್ಪ ಲಾಭ ಇಟ್ಟು, ಹೀಗೆ ಮಾರತೊಡಗಿದರು.

ನನ್ನ ಕಥೆಯ ಅಕ್ಕ ಅಂಥವರಲ್ಲಿ ಒಬ್ಬರು. ಬೀದರ್ ಕಡೆಯವರು, ನಮ್ಮ ಭಾಷೆಯವರು. ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮತ್ತೆಗೆ ಒಂದು ನಾರಾಯಣಪೇಟೆ ಸೀರೆ ಬೇಕಿತ್ತು. ಅಕ್ಕನ ಗುಂಪಿನಲ್ಲಿ ಅರಿಶಿನ ಬಣ್ಣದ್ದು, ಮೆರೂನ್ ಅಂಚಿನದು ನೋಡಿದೆ. ಸೀರೆಗೆ 1,850 ರೂಪಾಯಿ, ಕೊರಿಯರ್‌ಗೆ 80. ಶನಿವಾರ ಒಟ್ಟು 1,930 ರೂಪಾಯಿ ಕಳಿಸಿ, ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ವಿಳಾಸ ಕೊಟ್ಟೆ. “ಸೋಮವಾರ ಹಾಕ್ತೀನ್ರಿ, ಬುಧವಾರ ಸಿಗ್ತದ” ಎಂದರು.

ಬುಧವಾರ ರಾತ್ರಿ 9 ಗಂಟೆ 20 ನಿಮಿಷ. ನನ್ನವರು ಬೆಂಗಳೂರಿಗೆ ಹೋಗಿದ್ದರು. ಮನೆಯಲ್ಲಿ ನಾನು, ಅತ್ತೆ, ಆರು ವರ್ಷದ ಮಗ. ಬೆಲ್ ಆಯಿತು. ಕಿಂಡಿಯಲ್ಲಿ ನೋಡಿದರೆ ಒಬ್ಬ ಹುಡುಗ. ಯೂನಿಫಾರ್ಮ್ ಇಲ್ಲ, ಯಾವ ಕಂಪನಿಯ ಚೀಲವೂ ಇಲ್ಲ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಬಾಗಿಲ ಆಚೆಯಿಂದಲೇ ನನ್ನ ಹೆಸರು ಹಿಡಿದು ಕರೆದ. “ಮೇಡಂ, ನಿಮ್ಮತ್ತೆಯವರ ಸೀರೆ” ಎಂದ.

ನನ್ನ ಎದೆ ಧಸಕ್ಕೆಂದಿತು. ಈ ಹೊತ್ತಿನಲ್ಲಿ ನಾನು ಯಾರನ್ನೂ ಕಾಯುತ್ತಿರಲಿಲ್ಲ. ಕೊರಿಯರ್‌ನಿಂದ ಒಂದು ಮೆಸೇಜಿಲ್ಲ, ಅಕ್ಕನಿಂದ ಒಂದು ಫೋನಿಲ್ಲ. ಈ ಅಪರಿಚಿತನಿಗೆ ನನ್ನ ಹೆಸರು, ಮನೆ ನಂಬರು, ಮನೆಯಲ್ಲಿ ಅತ್ತೆ ಇರುವುದು ಎಲ್ಲ ಗೊತ್ತಿದೆ. ನಾನು ಬಾಗಿಲು ತೆಗೆಯಲಿಲ್ಲ. “ಗೇಟಿನಲ್ಲಿ ಕೊಟ್ಟು ಹೋಗಿ” ಎಂದೆ. ಅವನು ಹೋದ. ರಾತ್ರಿ 11 ಗಂಟೆಗೆ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಬಂತು: ‘ಮೇಡಂ ಸೀರೆ ಸಿಕ್ತಾ?’ ಫೋನ್ ನಂಬರೂ ಅವನ ಹತ್ತಿರ ಇದೆ ಎಂದು ಆಗ ತಿಳಿಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಗೇಟಿಗೆ ಹೋದರೆ ಕವರು ಇಲ್ಲ. ರಾತ್ರಿಯ ವಾಚ್‌ಮನ್ ಡ್ಯೂಟಿ ಮುಗಿಸಿ ಹೋಗಿದ್ದ, ಹಗಲಿನವನಿಗೆ ಏನೂ ಗೊತ್ತಿಲ್ಲ. ಅಕ್ಕನಿಗೆ ಮೆಸೇಜ್ ಮಾಡಿದೆ. ಅವರು ಒಂದು ಫೋಟೋ ಕಳಿಸಿದರು. ಗೇಟಿನ ಮೇಜಿನ ಮೇಲೆ ಕವರು ಇದೆ. ಕೆಳಗೆ ಒಂದೇ ಸಾಲು: ‘ಡೆಲಿವರಿ ಆಗ್ಯಾದ್ರಿ.’

ನನಗೆ ಸಿಟ್ಟು ನೆತ್ತಿಗೇರಿತು. ಆಗ ನಾನು ಮಾಡಿದ ಕೆಲಸವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಅಕ್ಕನಿಗೆ ಫೋನ್ ಮಾಡಿ ಮಾತಾಡಲಿಲ್ಲ. ನಮ್ಮಿಬ್ಬರ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದು ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಿದೆ. ‘ಇವರಿಂದ ಹುಷಾರಾಗಿರಿ, ಕೊರಿಯರ್ ದುಡ್ಡು ತಗೊಂಡು ರಾತ್ರಿ ಯಾರನ್ನೋ ಮನೆಗೆ ಕಳಿಸುತ್ತಾರೆ, ಸೀರೆಯೂ ಇಲ್ಲ’ ಎಂದು ಬರೆದೆ. ಆ ಸ್ಕ್ರೀನ್‌ಶಾಟ್‌ನಲ್ಲಿ ಅವರ ಫೋನ್ ನಂಬರು, ಯುಪಿಐ ಐಡಿ ಎರಡೂ ಕಾಣುತ್ತಿದ್ದವು. ನನ್ನ ವಿಳಾಸ ಯಾರದೋ ಕೈಗೆ ಹೋಯಿತು ಎಂದು ಕೂಗಾಡಿದವಳು, ಅವರ ವಿವರವನ್ನು ನೂರಾರು ಜನರ ಕೈಗೆ ಕೊಟ್ಟಿದ್ದೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಅವರಿಗೆ ನಾಲ್ಕು ಖಾಯಂ ಗಿರಾಕಿಗಳಿದ್ದರು. ಹಬ್ಬದ ಮುನ್ನಾದಿನ ನಾಲ್ವರೂ ಆರ್ಡರ್ ಬಿಟ್ಟರು.

ಸೀರೆ ಸಿಕ್ಕಿದ್ದು ಭಾನುವಾರ, ಹಬ್ಬ ಮುಗಿದ ಮೇಲೆ. ವಾಚ್‌ಮನ್ ನಮ್ಮ ಬಿ ಬ್ಲಾಕಿನ ಬದಲು ಡಿ ಬ್ಲಾಕಿನ ಅದೇ ನಂಬರಿನ ಮನೆಗೆ ಕೊಟ್ಟಿದ್ದ. ಆ ಮನೆಯವರು ಊರಿಗೆ ಹೋಗುವ ಗಡಿಬಿಡಿಯಲ್ಲಿ ತೆಗೆದುಕೊಂಡು ಒಳಗಿಟ್ಟು ಹೋಗಿದ್ದರು. ‘ಸೀರೆ ಸಿಕ್ಕಿತು’ ಎಂದು ಗುಂಪಿನಲ್ಲಿ ಹಾಕಿದೆ. ಆದರೆ ಮೊದಲಿನ ಮೆಸೇಜನ್ನು ಓದಿದಷ್ಟು ಜನ ಎರಡನೆಯದನ್ನು ಓದಲಿಲ್ಲ.

ಎರಡು ತಿಂಗಳ ಮೇಲೆ ನಮ್ಮ ವೇದಿಕೆಯ ಹಿರಿಯರೊಬ್ಬರು ನನ್ನನ್ನು ಅಕ್ಕನ ಮನೆಗೆ ಕರೆದುಕೊಂಡು ಹೋದರು. ಬಡೀ ಚೌಡಿಯ ಹಿಂದೆ ಎರಡನೇ ಮಹಡಿ, ಒಂದೂವರೆ ರೂಮು. ಒಂದು ಗೋಡೆಯ ತುಂಬ ಸೀರೆ. ಚಹಾ ಕೊಟ್ಟರು. ಆಮೇಲೆ ಕೇಳಿದರು: “ನಾ ಏನ್ ತಪ್ಪ್ ಮಾಡೀನ್ರಿ? ನಿಮಗ ಹಬ್ಬಕ್ಕ ಸಿಗ್ಲಿ ಅಂತ ಹುಡುಗನ್ನ ಅಷ್ಟ್ ದೂರ ಕಳ್ಸೀನಿ.”

ಅವರ ಕಡೆಯಿಂದ ಕಥೆ ಬೇರೆಯೇ ಇತ್ತು. ಫಾಲ್ ಹಚ್ಚಲು ಕೊಟ್ಟ ಸೀರೆ ಸೋಮವಾರ ಬರಲಿಲ್ಲ. ಬಂದಿದ್ದು ಬುಧವಾರ ಮಧ್ಯಾಹ್ನ. ಅಂದು ಕೊರಿಯರ್‌ಗೆ ಹಾಕಿದರೆ ಹಬ್ಬದೊಳಗೆ ತಲುಪುವ ಭರವಸೆ ಇಲ್ಲ. ಮೈದುನನ ಮಗನಿಗೆ ಹೈಟೆಕ್ ಸಿಟಿ ಕಡೆ ಕೆಲಸ. ಅವನ ಕೈಯಲ್ಲಿ ಕಳಿಸಿದರು. ಅವನು ಕೆಲಸ ಮುಗಿಸಿ, ಟ್ರಾಫಿಕ್ ದಾಟಿ ಬರುವಾಗ ರಾತ್ರಿಯಾಯಿತು. 80 ರೂಪಾಯಿ ಅವನ ಪೆಟ್ರೋಲಿಗೇ ಹೋಯಿತು. ಅವರ ಲೆಕ್ಕದಲ್ಲಿ ಇದು ಉಪಕಾರ. ನನ್ನ ಲೆಕ್ಕದಲ್ಲಿ ಅದು ಭಯ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

ನಾನು ಆ ರಾತ್ರಿಯ ಮಾತನ್ನು ಮೊದಲಿನಿಂದ ಹೇಳಿದೆ. ಹೆಸರು ಹಿಡಿದು ಕರೆದದ್ದು, 11 ಗಂಟೆಯ ಮೆಸೇಜು, ಎಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಮಗಳು ಪುಣೆಯಲ್ಲಿ ಒಬ್ಬಳೇ ಕೆಲಸಕ್ಕಿದ್ದಾಳೆ. “ನನ್ನ ಮಗಳ ರೂಮಿಗಿ ಯಾರರ ಹಿಂಗ ಹೋಗಿದ್ರ, ನಾನೂ ಹಿಂಗೇ ಒದರಾಡ್ತಿದ್ದೆ” ಎಂದರು. ನಾನು ಕೂಡ ಸ್ಕ್ರೀನ್‌ಶಾಟ್‌ಗೆ ಕ್ಷಮೆ ಕೇಳಿದೆ.

ಅಂದಿನಿಂದ ನಾನು ಈ ವಿಷಯವನ್ನು ಸ್ವಲ್ಪ ಓದಿದೆ. ನಿಮ್ಮಲ್ಲಿ ಕೊಳ್ಳುವವರೂ ಇದ್ದೀರಿ, ಮಾರುವವರೂ ಇದ್ದೀರಿ. ಅದಕ್ಕೇ ಎರಡೂ ಕಡೆಗೆ ಉಪಯೋಗವಾಗುವುದನ್ನು ಹೇಳುತ್ತೇನೆ. ನಾನು ವಕೀಲೆಯಲ್ಲ. ದೊಡ್ಡ ಮೊತ್ತದ ತಕರಾರು ಇದ್ದರೆ ವಕೀಲರನ್ನೇ ಕೇಳಿ.

ಮೊದಲನೆಯದು, 1930ರ ಸರಕು ಮಾರಾಟ ಕಾಯ್ದೆ. ಫೋನೇ ಇಲ್ಲದ ಮನೆಗಳ ಕಾಲದ ಕಾನೂನು, ಇವತ್ತಿಗೂ ಜಾರಿಯಲ್ಲಿದೆ. ಅದರ 36ನೇ ಕಲಮಿನ ಪ್ರಕಾರ, ಮಾರುವವರು ಕಳಿಸಬೇಕೋ ಕೊಳ್ಳುವವರು ಬಂದು ಒಯ್ಯಬೇಕೋ ಎನ್ನುವುದು ಇಬ್ಬರ ನಡುವಿನ ಒಪ್ಪಂದದ ಮೇಲೆ ನಿಂತಿದೆ. ಒಪ್ಪಂದ ಎಂದರೆ ಸ್ಟಾಂಪ್ ಪೇಪರ್ ಬೇಕಿಲ್ಲ, ವಾಟ್ಸಾಪ್ ಮಾತೂ ಆಗುತ್ತದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಸರಕು ಕೊಡಲು ಬರುವುದು ತಕ್ಕ ಹೊತ್ತಿನಲ್ಲಿ ಆಗಬೇಕು, ಇಲ್ಲವಾದರೆ ಅದನ್ನು ಲೆಕ್ಕಕ್ಕೆ ಹಿಡಿಯದೆ ಇರಬಹುದು. ಯಾವುದು ತಕ್ಕ ಹೊತ್ತು ಎನ್ನುವುದನ್ನು ಆಯಾ ಪ್ರಸಂಗ ನೋಡಿ ತೀರ್ಮಾನಿಸಬೇಕು. ‘ರಾತ್ರಿ ಹೊತ್ತು ಬರಬೇಡಿ’ ಎಂದು ಹೇಳುವುದು ನಮ್ಮ ನಖರೆಯಲ್ಲ ಎಂದು ಇದನ್ನು ಓದಿದಾಗ ನನಗೆ ಸಮಾಧಾನವಾಯಿತು.

ಎರಡನೆಯದು ಮಾರುವವರಿಗೆ ಮುಖ್ಯ. 39ನೇ ಕಲಮಿನ ಪ್ರಕಾರ, ಕಳಿಸಿಕೊಡಬೇಕೆಂಬ ಮಾತಿದ್ದಾಗ ಸರಕನ್ನು ಸಾಗಣೆದಾರರ ಕೈಗೆ ಒಪ್ಪಿಸಿದರೆ, ಮೇಲ್ನೋಟಕ್ಕೆ ಅದು ಕೊಳ್ಳುವವರಿಗೆ ಕೊಟ್ಟಂತೆಯೇ. ಅಂದರೆ ಕೊರಿಯರ್ ರಸೀದಿ ನಿಮಗೊಂದು ರಕ್ಷಣೆ. ನಿಮ್ಮ ಮನೆಯ ಹುಡುಗನ ಕೈಯಲ್ಲಿ ಕಳಿಸಿದಾಗ ಆ ರಕ್ಷಣೆ ಇಲ್ಲ. ಅವನ ಕೈ ನಿಮ್ಮದೇ ಕೈ. ದಾರಿಯಲ್ಲಿ ಕಳೆದರೂ, ಬೇರೆ ಮನೆಗೆ ಹೋದರೂ ಹೊಣೆ ನಿಮ್ಮ ತಲೆಗೇ ಬರುವ ಸಂಭವ ಹೆಚ್ಚು. ಉಪಕಾರ ಮಾಡಲು ಹೋಗಿ ಅಪಾಯ ಹೊತ್ತುಕೊಂಡಂತಾಗುತ್ತದೆ.

ಹಾಗೆಂದು ಕೊಳ್ಳುವವರದು ಏನೂ ಇಲ್ಲ ಎಂದಲ್ಲ. 1922ರಲ್ಲಿ ಇಂಗ್ಲೆಂಡಿನಲ್ಲಿ ಗಾಲ್‌ಬ್ರೈತ್ ಆಂಡ್ ಗ್ರಾಂಟ್ ಎಂಬ ಮಾರಾಟಗಾರರಿಗೂ ಬ್ಲಾಕ್ ಎಂಬ ಗಿರಾಕಿಗೂ ಒಂದು ವ್ಯಾಜ್ಯ ನಡೆಯಿತು. ಶಾಂಪೇನ್ ಗಿರಾಕಿಯ ಜಾಗಕ್ಕೇ ಹೋಗಿತ್ತು, ಅಲ್ಲಿದ್ದ ಯಾರೋ ಸಹಿ ಮಾಡಿ ತೆಗೆದುಕೊಂಡಿದ್ದರು, ಗಿರಾಕಿ ಮಾತ್ರ ನನಗೆ ಸಿಕ್ಕಿಲ್ಲ ಎಂದರು. ಹೇಳಿದ ವಿಳಾಸದಲ್ಲಿ, ತೆಗೆದುಕೊಳ್ಳುವ ಅಧಿಕಾರ ಇದ್ದಂತೆ ಕಾಣುವವರ ಕೈಗೆ, ಅಜಾಗ್ರತೆಯಿಲ್ಲದೆ ಕೊಟ್ಟಿದ್ದರೆ ಮಾರಿದವರ ಕರ್ತವ್ಯ ಮುಗಿಯಿತು ಎಂಬುದು ಆ ತೀರ್ಪಿನ ತಿರುಳು. ಅದು ಅಲ್ಲಿಯ ತೀರ್ಪು, ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮ 1930ರ ಕಾಯ್ದೆ ಇಂಗ್ಲೆಂಡಿನ 1893ರ ಕಾಯ್ದೆಯ ಮಾದರಿಯಲ್ಲೇ ಬಂದದ್ದು. ‘ಗೇಟಿನಲ್ಲಿ ಕೊಟ್ಟು ಹೋಗಿ’ ಎಂದವಳು ನಾನೇ ಎಂಬುದನ್ನು ಅದು ನನಗೆ ನೆನಪಿಸಿತು. ವಾಚ್‌ಮನ್‌ಗೆ ಫೋನ್ ಮಾಡಿ ‘ಬಿ ಬ್ಲಾಕು, ನನ್ನದೇ’ ಎಂದು ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮೂರನೆಯದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಆನ್‌ಲೈನ್‌ನಲ್ಲಿ ಕೊಂಡವರೂ ಗ್ರಾಹಕರೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅದರಡಿ 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳು ಬಂದವು. ಬೆಲೆಯಲ್ಲಿ ಡೆಲಿವರಿ ಖರ್ಚು ಎಷ್ಟು, ಹೇಗೆ ಕಳಿಸುತ್ತೀರಿ, ವಾಪಸು ತೆಗೆದುಕೊಳ್ಳುವ ಕ್ರಮ ಏನು ಎಂದು ಮೊದಲೇ ತಿಳಿಸಬೇಕು ಎನ್ನುವುದು ಅವುಗಳ ಧೋರಣೆ. ಮನೆಯ ಹಳೆಯ ಮಿಕ್ಸರ್ ಒಂದನ್ನು ಎಂದೋ ಒಮ್ಮೆ ಮಾರಿದವರಿಗೆ ಈ ನಿಯಮಗಳಿಲ್ಲ. ಆದರೆ ತಿಂಗಳು ತಿಂಗಳು ಕ್ರಮವಾಗಿ ವ್ಯಾಪಾರ ಮಾಡುವವರು ‘ನಾನು ಮನೆಯಲ್ಲಿ ಕೂತು ಮಾರುವವಳು’ ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೊರಿಯರ್ ಎಂದು ಹೇಳಿ 80 ರೂಪಾಯಿ ಪಡೆದು ಬೇರೆ ದಾರಿಯಲ್ಲಿ ಕಳಿಸಿದರೆ, ಆ 80 ರೂಪಾಯಿಗೇ ಜಗಳ ಶುರುವಾಗುತ್ತದೆ. ‘ಡೆಲಿವರಿ ಖರ್ಚು 80, ಕೊರಿಯರ್ ಅಥವಾ ನಮ್ಮ ಹುಡುಗ, ನಿಮಗೆ ಯಾವುದು ಬೇಕು?’ ಎಂದು ಕೇಳಿದರೆ ಅಲ್ಲಿಗೇ ಮುಗಿಯುತ್ತದೆ.

ಈಗ ನನ್ನ ಕಸುಬಿನ ಮಾತು ಒಂದು. ದೊಡ್ಡ ಆ್ಯಪ್‌ಗಳಲ್ಲಿ ತಕರಾರು ಬಂದಾಗ ಅವರು ಮೊದಲು ನೋಡುವುದು ಪಾರ್ಸೆಲ್ ಎಲ್ಲೆಲ್ಲಿ ಸ್ಕ್ಯಾನ್ ಆಗಿದೆ, ಓಟಿಪಿ ಯಾರ ಫೋನಿಗೆ ಹೋಗಿದೆ ಎನ್ನುವುದನ್ನು. ಮಾರುವವರು ತಾವೇ ಹೋಗಿ ಕೈಗೆ ಕೊಟ್ಟರೆ ಟ್ರ್ಯಾಕಿಂಗ್ ನಂಬರೇ ಇರುವುದಿಲ್ಲ. ಕೊಂಡವರು ‘ಸಿಕ್ಕಿಲ್ಲ’ ಎಂದರೆ ದಾಖಲೆ ತೋರಿಸಲು ಏನೂ ಉಳಿಯುವುದಿಲ್ಲ. ಕೈಯಾರೆ ಕೊಟ್ಟೂ ದುಡ್ಡು ಕಳೆದುಕೊಳ್ಳುವುದು ಹೀಗೆ. ಮೇಜಿನ ಮೇಲಿನ ಕವರಿನ ಫೋಟೋ, ಕವರು ಮೇಜಿನ ಮೇಲಿತ್ತು ಎಂಬುದಕ್ಕೆ ಮಾತ್ರ ಸಾಕ್ಷಿ. ಅಂಚೆ ಇಲಾಖೆಯೂ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಓಟಿಪಿ ಹೇಳಿ ಪಡೆಯುವ ಬಟವಾಡೆಯನ್ನು ಬಯಸಿದವರಿಗೆ ಕೊಡುತ್ತಿದೆ. ಅದಕ್ಕೆ ಹೆಚ್ಚಿನ ಶುಲ್ಕ 5 ರೂಪಾಯಿ ಮತ್ತು ಜಿಎಸ್‌ಟಿ. ಸೀರೆಯಂಥ ವಸ್ತುವಿಗೆ ಇದು ಒಳ್ಳೆಯ ದಾರಿ.

ಹಾಗಾದರೆ ಕೈಯಾರೆ ತಲುಪಿಸುವುದೇ ತಪ್ಪೇ? ಖಂಡಿತ ಅಲ್ಲ. ನಾನು ಚಿಕ್ಕವಳಿದ್ದಾಗ ದಾವಣಗೆರೆಯ ನಮ್ಮ ಬೀದಿಗೆ ಸೈಕಲ್ ಮೇಲೆ ಸೀರೆಯ ಗಂಟು ಹೊತ್ತು ಒಬ್ಬ ವ್ಯಾಪಾರಿ ಬರುತ್ತಿದ್ದರು. ಬೀದಿಯ ತುದಿಯಿಂದಲೇ ಕೂಗುತ್ತಿದ್ದರು. ಹಗಲು ಹೊತ್ತಿನಲ್ಲೇ ಬರುತ್ತಿದ್ದರು. ಅಮ್ಮ ಬನ್ನಿ ಎಂದ ಮೇಲೆ ಜಗಲಿಯಲ್ಲಿ ಕೂತು ಗಂಟು ಬಿಚ್ಚುತ್ತಿದ್ದರು. ಅಪ್ಪ ಮನೆಯಲ್ಲಿ ಇಲ್ಲದಿದ್ದರೂ ಅಮ್ಮನಿಗೆ ಅಳುಕಿರಲಿಲ್ಲ. ಅವರ ಮುಖ ಬೀದಿಗೆಲ್ಲ ಗೊತ್ತಿತ್ತು. ಈಗ ಮುಖ ನೋಡದೆ ಕೊಳ್ಳುತ್ತೇವೆ, ಮುಖ ನೋಡದೆ ಮಾರುತ್ತೇವೆ. ಆ ಕೂಗಿನ ಕೆಲಸವನ್ನು ಈಗ ಒಂದು ಫೋನ್ ಕರೆ ಮಾಡಬೇಕು.

ಮಾರುವ ಅಕ್ಕಂದಿರಿಗೆ ನನ್ನ ವಿನಂತಿ ಇಷ್ಟು. ಕಳಿಸುವ ದಾರಿ ಬದಲಾಯಿಸುವುದಿದ್ದರೆ ಮೊದಲು ಕೇಳಿ, ‘ಹೂಂ’ ಎಂಬ ಉತ್ತರ ಬಂದ ಮೇಲೆ ಕಳಿಸಿ. ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೇಳಿ. ಕತ್ತಲಾದ ಮೇಲೆ ಬೇಡ. ಬಂದವರ ಕೈಗೆ ಕೊಳ್ಳುವವರ ಫೋನ್ ನಂಬರು ಕೊಡುವ ಬದಲು, ಗೇಟಿಗೆ ಬಂದು ನಿಮಗೇ ಫೋನ್ ಮಾಡಲಿ, ನೀವು ಅವರಿಗೆ ತಿಳಿಸಿ. ಕೊಟ್ಟ ಮೇಲೆ ‘ಸಿಕ್ಕಿತು’ ಎಂದು ಕೊಂಡವರಿಂದಲೇ ಒಂದು ಮೆಸೇಜ್ ಪಡೆಯಿರಿ.

ಕೊಳ್ಳುವವರಿಗೂ ಇಷ್ಟೇ. ದುಡ್ಡು ಕಳಿಸುವಾಗಲೇ ‘ಕೊರಿಯರ್‌ನಲ್ಲೇ ಕಳಿಸಿ’ ಅಥವಾ ‘ಮೊದಲು ಫೋನ್ ಮಾಡಿ’ ಎಂದು ಬರೆಯಿರಿ. ಹೇಳದೆ ಬಂದವರಿಗೆ ಬಾಗಿಲು ತೆಗೆಯಲೇಬೇಕೆಂದಿಲ್ಲ. ಆದರೆ ಮಾರಿದವರಿಗೆ ಆಗಲೇ ಫೋನ್ ಮಾಡಿ. ಬಾಗಿಲಲ್ಲಿ ಹೆಚ್ಚಿನ ದುಡ್ಡು ಕೇಳಿದರೆ ಕೊಡಬೇಡಿ. ಗೇಟಿನಲ್ಲಿ ಇಡಿಸಿದರೆ ವಾಚ್‌ಮನ್‌ಗೆ ಬ್ಲಾಕು, ನಂಬರು ಹೇಳಿ. ಮೊದಲು ಮಾರಿದವರ ಜೊತೆ ಮಾತು, ಆಮೇಲೆ ಗುಂಪು. ಗುಂಪಿಗೆ ಹಾಕಲೇಬೇಕಾದರೂ ನಂಬರು ಮುಚ್ಚಿ ಹಾಕಿ.

ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2025ರ ಜನವರಿಯಿಂದ ಇ-ಜಾಗೃತಿ ಎಂಬ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ನೀವು ಇರುವ ಊರಿನ ಆಯೋಗದಲ್ಲೇ ಹಾಕಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ರಾಜಿಗೆ ಮಧ್ಯಸ್ಥಿಕೆಯ ವ್ಯವಸ್ಥೆಯೂ ಕಾಯ್ದೆಯಲ್ಲೇ ಇದೆ. 1,930 ರೂಪಾಯಿಯ ಸೀರೆಗೆ ನಮಗೆ ಮಧ್ಯಸ್ಥಿಕೆ ಮಾಡಿದ್ದು ಈ ವೇದಿಕೆಯ ಹಿರಿಯರು ಮತ್ತು ಒಂದು ಲೋಟ ಚಹಾ.

ಆ ದಿನ ಅಕ್ಕನ ಮನೆಯಿಂದ ಬಂದ ಮೇಲೆ ನಾನು ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನಡೆದದ್ದನ್ನು ಪೂರ್ತಿ ಬರೆದೆ, ನನ್ನ ತಪ್ಪನ್ನೂ ಬರೆದೆ. ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು ಮತ್ತೆ ಅವರಲ್ಲಿ ಕೊಳ್ಳುತ್ತಿದ್ದಾರೆ. ಇನ್ನಿಬ್ಬರು ಬರಲಿಲ್ಲ. ಆ ನಷ್ಟ ನನ್ನಿಂದಾದದ್ದು.

ಕಳೆದ ವಾರ ಅಕ್ಕನಿಂದ ಮೆಸೇಜ್ ಬಂತು: ‘ನಿಮ್ಮ ಬ್ಲೌಸ್ ಪೀಸ್ ಬಂದಾದ್ರಿ. ಶನಿವಾರ ಮಿಯಾಪುರಕ್ಕ ನಾನೇ ಬರೋದದ. ಮುಂಜಾನಿ ಹನ್ನೊಂದಕ್ಕ ಬರ್ಲ್ಯಾ, ಕೊರಿಯರ್ ಹಾಕ್ಲ್ಯಾ?’

‘ಬನ್ನಿ ಅಕ್ಕ, ಊಟಕ್ಕೇ ಬನ್ನಿ’ ಎಂದು ಬರೆದೆ. ಅತ್ತೆ ಅದೇ ಅರಿಶಿನ ಬಣ್ಣದ ಸೀರೆ ಉಟ್ಟು ಬಾಗಿಲು ತೆಗೆದರು.